ನಾಲ್ಕು ಕೇಜಿಯೊಳಗಿನ ಸ್ಕೂಟರ್

ಶೋಭಾರಾಣಿ ನನ್ನ ನಾದಿನಿ. ನಾನು ಮದುವೆಯಾಗಿ ಬಾಗಲಗುಂಟೆಗೆ ಬಂದಾಗ ಅವಳಿಗೆ ಐದು ವರ್ಷ. ಪೋಲಿಯೋ ಆಗಿ ಎಡಗಾಲು ಮೊಣಕಾಲಿನ ಕೆಳಗೆ ಒಣಗಿತ್ತು. ಮದುವೆ ದಿನ ಅವಳನ್ನು ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿದ್ದರು. ತೆವಳಿಕೊಂಡು ಬಂದು ನನ್ನ ಸೀರೆ ನೆರಿಗೆ ಹಿಡಿದು ಎದ್ದು ನಿಂತಳು. ಎಲ್ಲರೆದುರಿಗೆ ನೆರಿಗೆ ಬಿಚ್ಚಿಹೋಯಿತು. ಅವತ್ತು ನನಗೆ ಸಿಟ್ಟು ಬಂದಿತ್ತು.

ನಾನು ಓದಿದ್ದು ಐದನೇ ಕ್ಲಾಸು. ಗೊತ್ತಿದ್ದಷ್ಟು ಬರೆಯುತ್ತೇನೆ.

ನನ್ನ ಗಂಡ ಮುನೀಂದ್ರ ಅವಳಿಗಿಂತ ಹದಿನೇಳು ವರ್ಷ ದೊಡ್ಡವರು. ಆಗ ಚಿಕ್ಕಬಾಣಾವರದ ಕಡೆ ನಮಗೆ ಜಮೀನಿತ್ತು. ಜಮೀನಿನಲ್ಲಿ ಬಾವಿ. ತಂಗಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗಿಳಿಸಿದರು. ನಮ್ಮತ್ತೆ ಬಾಯಿ ಬಡಕೊಂಡರು. "ನೆಟ್ಟಗಿರೋ ಒಂದು ಕಾಲೂ ಮುರಿದು ಮನೇಗೆ ತತ್ತೀಯೇನೋ" ಅಂದರು. ಇವರು ಕೇಳಲಿಲ್ಲ. ಒಂದು ತಿಂಗಳಿಗೆ ಬುರುಡೆ ಬಿಚ್ಚಿದರು. ಹುಡುಗಿ ಎರಡು ಕೈಯಲ್ಲೇ ಬಾವಿ ಸುತ್ತು ಹೊಡೆಯುತ್ತಿತ್ತು. ಈಗ ಆ ಜಾಗದಲ್ಲಿ ಬಡಾವಣೆ ಆಗಿದೆ. ಬಾವಿ ಮುಚ್ಚಿದರು. ಯಾರ ಮನೆ ಕೆಳಗಿದೆಯೋ ಗೊತ್ತಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಶೋಭಿಗೆ ಮದುವೆ ಆಗಲಿಲ್ಲ. ಬಂದವರೆಲ್ಲ ಬಾಡಿಗೆ ಮನೆಗಳು ಎಷ್ಟಿವೆ ಅಂತ ಕೇಳಿದರು. ಅವಳ ಹೆಸರು ಕೇಳಿದವರು ಕಡಿಮೆ.

ಅವಳು ಐಟಿಐ ಮಾಡಿದಳು. ಪೀಣ್ಯ ಎರಡನೇ ಹಂತದಲ್ಲಿ ವಾಲ್ವ್ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕೂತು ಮಾಡುವ ಕೆಲಸ. ಮುಂದೆ ಒಂದು ನೀರಿನ ತೊಟ್ಟಿ. ಒಂದೊಂದೇ ವಾಲ್ವಿಗೆ ಗಾಳಿ ತುಂಬಿ ನೀರಿಗೆ ಮುಳುಗಿಸಬೇಕು. ಗುಳ್ಳೆ ಬಂದರೆ ಅದು ಸೋರುತ್ತದೆ ಅಂತ ಅರ್ಥ. ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಡಬೇಕು. ಯಾಕೆ ಸೋರಿತು ಅಂತ ರಿಜಿಸ್ಟರಿನಲ್ಲಿ ಬರೆಯಬೇಕು. ಹದಿನೆಂಟು ವರ್ಷ ಅವಳು ನೋಡಿದ್ದು ಗುಳ್ಳೆ. ಮನೆಯಲ್ಲಿ ಅನ್ನ ಕುದಿಯುವಾಗಲೂ ಪಾತ್ರೆ ಬಗ್ಗಿ ನೋಡುತ್ತಾಳೆ.

ಡೈವಿಂಗ್ ಹುಚ್ಚು ಹಿಡಿಸಿದ್ದು ಅವಳ ಅಣ್ಣನೇ. ಬ್ರೂಕ್‌ಫೀಲ್ಡಿನ ಒಂದು ಈಜುಕೊಳದಲ್ಲಿ ಕೈಕಾಲು ಸರಿಯಿಲ್ಲದವರಿಗೆ ಒಂದು ದಿನ ಪುಕ್ಕಟೆ ಹೇಳಿಕೊಡುತ್ತಾರೆ ಅಂತ ಯಾರೋ ಇವರಿಗೆ ಹೇಳಿದರು. ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಊರಿನ ಈ ತುದಿಯಿಂದ ಆ ತುದಿಗೆ ಕರೆದುಕೊಂಡು ಹೋದರು. ಅಲ್ಲಿ ಹೇಳಿಕೊಡುವವಳು ಪ್ರಿಯಾಂಕಾ ಅಂತ. ಚಿಕ್ಕ ವಯಸ್ಸು, ಗಂಡುಗಂಡು ಮಾತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಬಾಯಿಗೆ ನಳಿಗೆ ಕೊಟ್ಟು ಶೋಭಿಯನ್ನು ನೀರಿನ ತಳಕ್ಕೆ ಕರೆದುಕೊಂಡು ಹೋದಳು. ಮನೆಗೆ ಬಂದು ಶೋಭಿ ಊಟಕ್ಕೆ ಕೂತವಳು ತುತ್ತು ಎತ್ತಲಿಲ್ಲ.

"ಏನಾಯ್ತೇ?" ಅಂದೆ.

"ಒಳಗೆ ಹೋದ್ರೆ ಈ ಕಾಲು ತೂಕಾನೇ ಇಲ್ಲ ಅತ್ತಿಗೆ. ಎರಡೂ ಒಂದೇ."

ಆಮೇಲೆ ಪ್ರತಿ ಭಾನುವಾರ ಅಣ್ಣ ತಂಗಿ ಬ್ರೂಕ್‌ಫೀಲ್ಡ್. ಅವಳು ನೀರೊಳಗೆ. ಇವರು ದಡದಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದರು.

ಎರಡು ಸಾವಿರದ ಹದಿನಾರು, ಆಗಸ್ಟ್. ಇವರು ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ನಿಂತಿದ್ದರು. ಎದೆ ಹಿಡಿದುಕೊಂಡು ಅಲ್ಲೇ ಕೂತರಂತೆ. ಐವತ್ತೆರಡು ವರ್ಷ. ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಅಂದಿದ್ದರು. ಜಾಸ್ತಿ ಆಗಿತ್ತು. ನಾನು ಒಪ್ಪಿರಲಿಲ್ಲ.

ಅದರ ಬಗ್ಗೆ ಇಷ್ಟೇ.

ಶೋಭಿ ಒಂದು ವರ್ಷ ನೀರಿಗೆ ಹೋಗಲಿಲ್ಲ. ಆಮೇಲೆ ಒಂದು ಭಾನುವಾರ ಊರುಗೋಲು ತಗೊಂಡು ಎರಡು ಬಸ್ಸು ಬದಲಾಯಿಸಿ ಒಬ್ಬಳೇ ಹೋದಳು. ನನಗೆ ಇಷ್ಟ ಇರಲಿಲ್ಲ. ಮನೆಯಲ್ಲಿ ನನಗೆ ಅಂತ ಉಳಿದಿದ್ದು ಅವಳೊಬ್ಬಳು.

ಆ ವರ್ಷ ಡಿಸೆಂಬರಿನಲ್ಲಿ ಮುರ್ಡೇಶ್ವರದ ಹತ್ತಿರ ಸಮುದ್ರಕ್ಕೆ ಇಳಿದರು. ಮೊದಲನೇ ಸಲ ಈಜುಕೊಳ ಬಿಟ್ಟು ಹೊರಗೆ. ಸಮುದ್ರದೊಳಗೆ ಸೆಳೆತ ಇತ್ತು. ಬೇರೆಯವರು ಕಾಲಿಗೆ ರಬ್ಬರಿನ ರೆಕ್ಕೆ ಹಾಕಿಕೊಂಡು ಬಡಿದು ಮುಂದೆ ಹೋದರು. ಇವಳು ಬಡಿಯುವುದು ಒಂದೇ ಕಾಲು. ಒಂದೇ ಕಾಲು ಬಡಿದರೆ ಮನುಷ್ಯ ಮುಂದೆ ಹೋಗಲ್ಲ, ತಿರುಗುತ್ತಾನೆ. ಪ್ರಿಯಾಂಕಾ ಇವಳ ಸಿಲಿಂಡರ್ ಹಿಡಿದು ದೋಣಿವರೆಗೆ ಎಳೆದುಕೊಂಡು ಬಂದಳಂತೆ.

ಅವಳು ಮನೆಗೇ ಬಂದು ಹೇಳಿದಳು. ಮುಚ್ಚಿಟ್ಟು ಮಾತಾಡುವವಳಲ್ಲ.

"ಆಂಟಿ, ಈ ಜನವರಿ ಬಿಟ್ಟು ಮುಂದಿನ ಜನವರಿಗೆ ನಾವು ಎಂಟು ಜನ ಅಂಡಮಾನ್‌ಗೆ ಹೋಗ್ತಿದೀವಿ. ಶೋಭಾ ಅಕ್ಕನ್ನ ಕರ್ಕೊಂಡು ಹೋಗ್ಬೇಕು ಅಂತ ಆಸೆ ನಂಗೂ ಇದೆ. ಆದ್ರೆ ಬರೀ ಕಾಲು ನಂಬಿ ಆಳಕ್ಕೆ ಬಿಡಲ್ಲ. ಸ್ಕೂಟರ್ ಇದ್ರೆ ಹದಿನೆಂಟು ಮೀಟರ್‌ವರೆಗೂ ನನ್ನ ಜೊತೆ. ಇಲ್ಲ ಅಂದ್ರೆ ದಡದ ಹತ್ರ, ಸೊಂಟದ ನೀರಲ್ಲಿ."

"ಸಮುದ್ರದಲ್ಲಿ ಸ್ಕೂಟರ್ ಎಲ್ಲಿ ಓಡ್ಸೋದಮ್ಮ?" ಅಂದೆ.

ಶೋಭಿ ನಕ್ಕಳು. ಕೂತು ಓಡಿಸುವುದಲ್ಲವಂತೆ. ಎರಡು ಕೈಯಲ್ಲಿ ಹಿಡಿಯುವ ಯಂತ್ರ. ಒಳಗೆ ಬ್ಯಾಟರಿ, ಮೋಟಾರು, ಹಿಂದೆ ಫ್ಯಾನು. ಗುಂಡಿ ಒತ್ತಿದರೆ ನೀರು ತಳ್ಳಿಕೊಂಡು ಮುಂದೆ ಹೋಗುತ್ತದೆ. ಹಿಡಿದವರನ್ನೂ ಎಳೆದುಕೊಂಡು ಹೋಗುತ್ತದೆ. ಕಾಲು ಸುಮ್ಮನೆ ಹಿಂದೆ ಬರುತ್ತದೆ.

ಅವತ್ತಿಂದ ಮನೆಯಲ್ಲಿ ಅದೇ ಮಾತು.

ಮೊದಲು ಬಂದವನು ಸೊಣ್ಣಪ್ಪ. ಇವರ ಗೆಣೆಕಾರ. ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ಕೆಲಸ ಮಾಡುತ್ತಾನೆ. ಇವರು ಹೋದ ಮೇಲೂ ಹದಿನೈದು ದಿನಕ್ಕೊಮ್ಮೆ ಬಂದು ಕಾಫಿ ಕುಡಿದು ಹೋಗುತ್ತಾನೆ. ಎಲ್ಲೋ ಒಂದು ಹಳೇ ಸ್ಕೂಟರ್ ಸಿಕ್ಕಿತು ಅಂತ ಆಟೋದಲ್ಲಿ ಹಾಕಿಕೊಂಡು ಬಂದ. ಇಳಿಸುವುದಕ್ಕೆ ಆಟೋದವನೂ ಕೈ ಕೊಡಬೇಕಾಯಿತು. ಒಳಗೆ ಸೀಸದ ಬ್ಯಾಟರಿ, ಟೆಂಪೋಗೆ ಹಾಕುವ ತರದ್ದು.

"ನೋಡಕ್ಕ, ಕಬ್ಣ ಅಂದ್ರೆ ಇದು. ಮೋಟ್ರಿಗೆ ತೂಕ ಇರ್ಬೇಕು. ತೂಕ ಇದ್ರೇನೇ ಎಳೆಯಾದು."

"ಸೊಣ್ಣಣ್ಣ, ಇದನ್ನ ಬಾಗಿಲವರೆಗೂ ಯಾರು ಎಳೀತಾರೆ?" ಅಂದಳು ಶೋಭಿ.

"ನೀರಾಗೆ ತೂಕ ಕಾಣಕಿಲ್ಲ ಕಣಮ್ಮ."

"ವಿಮಾನ ನೀರಾಗೆ ಹೋಗಲ್ವಲ್ಲಣ್ಣ."

ಸೊಣ್ಣಪ್ಪ ಕಾಫಿ ಕುಡಿದ. ಮತ್ತೆ ಆಟೋ ಕರೆಸಿದ.

ಅವನು ಹೋದ ಮೇಲೆ ಶೋಭಿ ಒಂದು ಬಟ್ಟೆ ಚೀಲಕ್ಕೆ ರಾಗಿ ತುಂಬಿದಳು. ಆರು ಕೇಜಿ. ಚೀಲ ಎಡಗೈಯಲ್ಲಿ, ಊರುಗೋಲು ಬಲಗೈಯಲ್ಲಿ. ಮಹಡಿ ಮೆಟ್ಟಿಲು ಹತ್ತಿದಳು. ಏಳನೇ ಮೆಟ್ಟಿಲಿಗೆ ನಿಂತಳು. ಇಳಿದು ಬಂದು ಒಂದು ಕೇಜಿ ತೆಗೆದಳು. ಅರ್ಧಕ್ಕೆ ಹೋಗಿ ಗೋಡೆಗೆ ಒರಗಿದಳು. ನಾಲ್ಕು ಕೇಜಿಗೆ ತಾರಸಿ ಮುಟ್ಟಿ ವಾಪಸ್ ಬಂದಳು. ಬೆವರಿದ್ದಳು, ಆದರೆ ಬಂದಳು.

"ನಾನು ಎತ್ಕೋತೀನಲ್ಲೇ, ನಂಗೇನಾಗಿದೆ?" ಅಂದೆ.

"ನೀನು ಜನ್ಮಪೂರ್ತಿ ಎತ್ಕೊಂಡಿದೀಯ. ಇದನ್ನ ನಾನೇ ಎತ್ತಬೇಕು. ನಾಲ್ಕು ಕೇಜಿ ಒಳಗೆ ಇರೋದೇ ಬೇಕು."

ಎರಡನೆಯದು ಅವಳ ಕಂಪನಿಯವನೊಬ್ಬ ಫೋನಿನಲ್ಲಿ ತೋರಿಸಿದ್ದು. ಹಳದಿ ಬಣ್ಣ, ಮೂತಿ ಚೂಪು. ತೂಕ ಕಡಿಮೆ. ಶೋಭಿಗೆ ಆಸೆ ಆಯಿತು. ಆದರೆ ಅವಳು ಸಣ್ಣಕ್ಷರ ಬಿಡುವವಳಲ್ಲ. ಕೊನೇ ಸಾಲಿನಲ್ಲಿ ಇತ್ತು, ಮೂರು ಮೀಟರಿಗಿಂತ ಆಳಕ್ಕೆ ಒಯ್ಯಬಾರದು ಅಂತ. ಅದು ಮಕ್ಕಳು ಈಜುಕೊಳದಲ್ಲಿ ಆಡುವುದು. ಆಳ ಹೋದಂತೆ ನೀರು ಹಿಂಡುತ್ತದಂತೆ. ಮೂರು ಮೀಟರಿಗೆ ಮಾಡಿದ ಮುಚ್ಚಳ ಹದಿನೆಂಟಕ್ಕೆ ತಡೆಯುವುದಿಲ್ಲ.

ಮೂರನೆಯದನ್ನು ಪ್ರಿಯಾಂಕಾ ಹೇಳಿದಳು. ಅಕ್ಕಪಕ್ಕ ಎರಡು ಸಣ್ಣ ಫ್ಯಾನು, ನಡುವೆ ಬ್ಯಾಟರಿ, ಎರಡು ಕಡೆ ಹಿಡಿ. ಬ್ಯಾಟರಿ ಸೇರಿ ಮೂರೂವರೆ ಕೇಜಿ. ಮೂವತ್ತು ಮೀಟರ್ ತಡೆಯುತ್ತದೆ. ಕೈ ಬಿಟ್ಟರೆ ತಾನೇ ನಿಲ್ಲುತ್ತದೆ. ಪ್ರಿಯಾಂಕಾಗೆ ಬೇಕಿದ್ದುದು ಇನ್ನೊಂದು, ಅದೂ ಇದರಲ್ಲಿ ಇತ್ತು. ಬಿಟ್ಟಾಗ ಕಲ್ಲಿನಂಗೆ ಮುಳುಗಬಾರದು, ಬೆಂಡಿನಂಗೆ ಮೇಲಕ್ಕೂ ಹಾರಬಾರದು. ಆಳದಿಂದ ಮನುಷ್ಯನನ್ನು ರಭಸಕ್ಕೆ ಮೇಲೆ ಎಳೆದುಕೊಂಡು ಬಂದರೆ ಶ್ವಾಸಕೋಶ ಒಡೆಯುತ್ತದೆ ಅಂದಳು. ಅವಳು ಸುಮ್ಮನೆ ಹೇಳಿದಳು, ಅಡುಗೆ ವಿಷಯ ಹೇಳಿದಂಗೆ. ನನಗೆ ಅವತ್ತು ನಿದ್ದೆ ಇಲ್ಲ.

ಉಳಿದಿದ್ದು ಬ್ಯಾಟರಿ. ವಿಮಾನದವರಿಗೆ ದೊಡ್ಡ ಬ್ಯಾಟರಿ ಕಂಡರೆ ಭಯ. ಬೆಂಕಿ ಹತ್ತಿಕೊಳ್ಳುತ್ತದೆ ಅಂತ. ನೂರು ವಾಟ್-ಅವರ್ ಅನ್ನುವ ಲೆಕ್ಕದೊಳಗಿದ್ದರೆ ಕೈಚೀಲದಲ್ಲಿ ಬಿಡುತ್ತಾರೆ. ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ಮೊದಲೇ ಅಪ್ಪಣೆ ಕೇಳಬೇಕು. ಇನ್ನೂ ಹೆಚ್ಚಾದರೆ ಇಲ್ಲವೇ ಇಲ್ಲ. ಶೋಭಿ ಸೊಣ್ಣಪ್ಪನ ಶೆಡ್ಡಿಗೆ ಹೋದಳು, ನಾನೂ ಹೋದೆ. ಅವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಹನ್ನೊಂದು ಪಾಯಿಂಟ್ ಒಂದು ವೋಲ್ಟು. ಎಂಟು ಪಾಯಿಂಟ್ ಎಂಟು ಆಂಪು. ಗುಣಿಸಿದ. ತೊಂಬತ್ತೇಳು ಚಿಲ್ಲರೆ.

"ನೂರರೊಳಗೆ ಐತೆ" ಅಂದ. ಅವನಿಗೆ ಬೇಜಾರು. "ಇಷ್ಟು ಬ್ಯಾಟ್ರಿ ನಿನ್ನ ಎಳೆದಾತಾ ತಾಯಿ? ಎಷ್ಟೊತ್ತು?"

"ಮುಕ್ಕಾಲು ಗಂಟೆ ಅಣ್ಣ. ಎರಡು ಬ್ಯಾಟರಿ ತಗೋತೀನಿ. ಎರಡೂ ಬೇರೆ ಬೇರೆ ಇರ್ತವಲ್ಲ, ವಿಮಾನದೋರು ಬಿಡ್ತಾರೆ."

"ಒಂದು ದೊಡ್ಡದು ಬೇಡ, ಎರಡು ಚಿಕ್ಕದು ಬೇಕು ಅಂತೀಯ."

"ಹೂಂ."

"ಮುನೀಂದ್ರನ ತಂಗಿ ಕಣಮ್ಮ ನೀನು" ಅಂದ. ಆಮೇಲೆ ನನ್ನ ಮುಖ ನೋಡಿ, ನೆಲದ ಮೇಲಿನ ಲೆಕ್ಕ ಕಾಲಲ್ಲಿ ಅಳಿಸಿದ.

ದುಡ್ಡು ಅವಳದೇ. ಪ್ರಿಯಾಂಕಾ ಮೂಲಕ ತರಿಸಿದಳು. ದಸರಾಕ್ಕೆ ಒಂದು ವಾರ ಇದ್ದಾಗ ಡಬ್ಬಿ ಬಂತು.

ಆಯುಧ ಪೂಜೆಯಲ್ಲಿ ನಮ್ಮ ಕಡೆ ಬಿಡುವ ಸಾಮಾನಿಲ್ಲ. ಪೀಣ್ಯದಲ್ಲಿ ಲೇತಿಗೆ, ನಮ್ಮ ಮನೆಯಲ್ಲಿ ಕುಡುಗೋಲು, ಇಳಿಗೆಮಣೆ, ಮಿಕ್ಸಿ, ಇವರ ಮೊಪೆಡ್ಡು. ಎಲ್ಲಾ ತೊಳೆದು ಅರಿಶಿನ ಕುಂಕುಮ ಇಡಬೇಕು. ಇವರು ಹೋದ ಮೇಲೆ ನಾನು ಕುಂಕುಮದ ಬಟ್ಟಲು ಮುಟ್ಟಿರಲಿಲ್ಲ. ಎರಡು ವರ್ಷ ಸೊಣ್ಣಪ್ಪನೇ ಬಂದು ಪೂಜೆ ಮಾಡಿಹೋಗಿದ್ದ. ಆ ವರ್ಷವೂ ಶೆಡ್ಡಿನ ಪೂಜೆ ಮುಗಿಸಿ ಕಡ್ಲೆಪುರಿ ತಗೊಂಡು ಬಂದ.

ಶೋಭಿ ಸ್ಕೂಟರನ್ನು ಮಣೆ ಮೇಲೆ ಇಟ್ಟಿದ್ದಳು. ತಟ್ಟೆಯನ್ನು ಅವನಿಗೆ ಕೊಡಲಿಲ್ಲ. ನನ್ನ ಮುಂದೆ ಹಿಡಿದಳು.

"ನೀನೇ ಇಡು ಅತ್ತಿಗೆ."

"ನಾನು ಇಡಬಾರದು."

"ಯಾರು ಅಂದ್ರು?"

"ಯಾರೂ ಅನ್ನಬೇಕಾಗಿಲ್ಲ."

"ನೀರಿಗೆ ಇಳಿಯೋಳು ನಾನು. ನಂಗೆ ನಿನ್ನ ಕೈಯಿಂದಲೇ ಆಗಬೇಕು. ಬೇಗ ಇಡು, ಒಂದೇ ಕಾಲಲ್ಲಿ ನಿಂತಿದೀನಿ."

ಸೊಣ್ಣಪ್ಪ ಬಾಗಿಲ ಕಡೆ ತಿರುಗಿಕೊಂಡ. ನಾನು ಅರಿಶಿನ ಕಲಸಿದೆ. ಸ್ಕೂಟರಿನ ಮೇಲೆ ಹಚ್ಚಿ ಕುಂಕುಮ ಇಟ್ಟೆ.

"ಮೇಲೆ ಇಟ್ರೆ ಸಾಲದಕ್ಕ" ಅಂದ ಸೊಣ್ಣಪ್ಪ, ಆ ಕಡೆಯಿಂದಲೇ. "ನಾವು ಮಿಷೀನಿನ ಬಾಗಿಲು ತೆಗೆದು ಒಳಗಿರೋ ಮೋಟ್ರಿಗೂ ಇಡ್ತೀವಿ. ಜೀವ ಇರಾದು ಅಲ್ಲಿ."

ಸರಿ ಅಂತ ಶೋಭಿ ಮುಚ್ಚಳ ತೆಗೆದಳು. ಒಳಗೆ ಬ್ಯಾಟರಿ. ಅದರ ನೆತ್ತಿಗೆ ಒಂದು ಬೊಟ್ಟು ಇಟ್ಟೆ. ಮುಚ್ಚಳ ಮುಚ್ಚಿದಳು. ಸೊಣ್ಣಪ್ಪ ಬೀದಿಯಲ್ಲಿ ಬೂದುಗುಂಬಳ ಒಡೆದ. ಎಲ್ಲರೂ ಪುರಿ ತಿಂದೆವು. ಎರಡು ವರ್ಷದಲ್ಲಿ ಆ ಮನೆಯಲ್ಲಿ ಹಬ್ಬ ಅಂತ ಅನ್ನಿಸಿದ್ದು ಅವತ್ತು.

ಹಬ್ಬ ಕಳೆದ ಭಾನುವಾರ ಸ್ಕೂಟರನ್ನು ನಮ್ಮ ಸಂಪಿಗೆ ಇಳಿಸಿದೆವು. ಸಂಪು ಅಂದರೆ ಮನೆ ಮುಂದೆ ನೆಲದೊಳಗಿರುವ ನೀರಿನ ತೊಟ್ಟಿ. ಬಾಡಿಗೆಯವರಿಗೂ ಅದರ ನೀರೇ. ಹಿಡಿಗೆ ಹಗ್ಗ ಕಟ್ಟಿ, ಗುಂಡಿ ಒತ್ತಿದಂಗೇ ಇರಲಿ ಅಂತ ರಬ್ಬರ್ ಸುತ್ತಿ ಇಳಿಬಿಟ್ಟಳು. ಫ್ಯಾನು ತಿರುಗಿತು. ಸಂಪಿನ ನೀರೆಲ್ಲ ಕಲಕಿತು.

ಹಿಂದಿನ ಮನೆಯಲ್ಲಿ ಬಾಡಿಗೆಗಿರುವ ದುರ್ಗವ್ವ ಕೊಡ ಹಿಡಿದು ಬಂದಳು. ಬಾಗಲಕೋಟೆ ಕಡೆಯವಳು. ಗಾರ್ಮೆಂಟ್ಸಿಗೆ ಹೋಗುತ್ತಾಳೆ.

"ಅಕ್ಕಾರ, ನಾವು ಕುಡಿಯೂ ನೀರಾಗ ಅದೇನ್ ಬಿಟ್ಟೀರಿ?"

"ಸ್ಕೂಟರ್" ಅಂದೆ.

"ಗಾಡಿ ತೊಳಿಯಾಕ ಹೊರಗ ನಳ ಐತಲ್ರೀ."

"ತೊಳೆಯೋಕಲ್ಲ ದುರ್ಗವ್ವ, ಸೋರುತ್ತಾ ಅಂತ ನೋಡೋಕೆ" ಅಂದಳು ಶೋಭಿ. ಕಣ್ಣು ನೀರಿನಿಂದ ತೆಗೆಯಲಿಲ್ಲ.

"ಸೋರಿದ್ರ ಒಳಗ ಇಳಿದು ತಗಿಯಾವ್ರು ಯಾರು?" ಅಂತ ದುರ್ಗವ್ವ ಅಲ್ಲೇ ಕೂತಳು. ನೋಡಬೇಕು ಅಂತ ಅವಳಿಗೂ ಆಸೆ.

ಹತ್ತು ನಿಮಿಷ ಆಗಿರಬಹುದು. ಶೋಭಿ "ಗುಳ್ಳೆ" ಅಂದಳು.

ನನಗೆ ಕಾಣಲಿಲ್ಲ. ದುರ್ಗವ್ವನಿಗೂ ಕಾಣಲಿಲ್ಲ. ಅಷ್ಟರಲ್ಲಿ ಕುಂಯ್ ಅಂತ ಸದ್ದಾಗಿ ಫ್ಯಾನು ನಿಂತಿತು. ಹಗ್ಗ ಎಳೆದೆವು. ಮುಚ್ಚಳ ತೆಗೆದಳು. ಒಳಗೆ ಎರಡು ಚಮಚದಷ್ಟು ನೀರು. ಕೆಂಪು ನೀರು.

ದುರ್ಗವ್ವ ಕೊಡ ತಗೊಂಡು ಎದ್ದು ಹೋದಳು.

"ಬೇಡ ಶೋಭಿ" ಅಂದೆ. "ಹೋಗಬೇಡ."

"ಯಾಕೆ?"

"ನಾನು ಇಡಬಾರದಾಗಿತ್ತು. ಅದಕ್ಕೇ ಹಿರಿಯರು ಬೇಡ ಅನ್ನೋದು. ನನ್ನ ಕೈ ಸರಿಯಿಲ್ಲ. ಸಂಪಲ್ಲಿ ಗೊತ್ತಾಯ್ತು, ಒಳ್ಳೇದಾಯ್ತು. ಸಮುದ್ರದಲ್ಲಿ ಆಗಿದ್ರೆ? ನಿಮ್ಮಣ್ಣ ಇಲ್ಲ. ನೀನೂ ಹೋದ್ರೆ ನಾನು ಯಾರಿಗೆ ಅನ್ನ ಮಾಡಲಿ?"

ಅವಳು ಒಳಗೆ ಹೋಗಿ ಕಂಪನಿ ಚೀಲದಿಂದ ಭೂತಗನ್ನಡಿ ತಂದಳು. ಮುಚ್ಚಳದ ಅಂಚಿಗೆ ಒಂದು ಕರಿ ರಬ್ಬರ್ ಉಂಗುರ ಇದೆ. ನೀರು ತಡೆಯುವುದು ಅದೇ. ಬಳೆಗಿಂತ ಸಣ್ಣಗೆ. ಅದನ್ನು ಸುತ್ತಲೂ ನೋಡುತ್ತಾ ಬಂದು ಒಂದು ಕಡೆ ನಿಲ್ಲಿಸಿ, ಕನ್ನಡಿ ನನ್ನ ಕೈಗೆ ಕೊಟ್ಟಳು.

"ಏನು ಕಾಣ್ತಿದೆ?"

ಉಂಗುರದ ಮೇಲೆ ಒಣಗಿದ ಅರಿಶಿನದ ಒಂದು ಹರಳು. ಅದಕ್ಕೆ ಮೆತ್ತಿಕೊಂಡ ಕೆಂಪು.

"ಕುಂಕುಮ" ಅಂದೆ.

"ನಮ್ಮ ರಿಜಿಸ್ಟರಲ್ಲಿ ಇದಕ್ಕೆ ಕಸ ಅಂತ ಬರೀತೀವಿ. ಉಂಗುರದ ಮೇಲೆ ಏನಿದ್ರೂ ಸೋರುತ್ತೆ ಅತ್ತಿಗೆ. ಮರಳು ಇದ್ರೂ ಸೋರುತ್ತೆ, ಕೂದಲು ಇದ್ರೂ ಸೋರುತ್ತೆ. ಮುತ್ತೈದೆ ಕೂದಲೋ ವಿಧವೆ ಕೂದಲೋ ಅಂತ ರಬ್ಬರಿಗೆ ಗೊತ್ತಾಗಲ್ಲ."

ನಾನು ಕನ್ನಡಿ ವಾಪಸ್ ಕೊಟ್ಟೆ.

"ತಪ್ಪು ನಂದು" ಅಂದಳು. "ನೀನು ಇಡುವಾಗ ಉದುರಿದ್ದು ನೋಡಿದೆ. ಹದಿನೆಂಟು ವರ್ಷದ ಕೆಲಸ, ಕಾಣದೇ ಇರುತ್ತಾ? ಒರೆಸೋಕೆ ಕೈ ಬರಲಿಲ್ಲ. ನಿನ್ನ ಎದುರಿಗೆ ಕುಂಕುಮ ಹೆಂಗೆ ಒರೆಸಲಿ? ಅಣ್ಣ ಹೋದ ಮೂರನೇ ದಿನ ನೆಂಟರೆಲ್ಲ ಸೇರಿ ನಿನ್ನ ಹಣೆ ಒರೆಸುವಾಗ ನಾನು ಅಲ್ಲೇ ಇದ್ದೆ."

ಇವರು ಹೋದ ಮೇಲೆ ಆ ದಿನದ ಮಾತು ನಾವಿಬ್ಬರೂ ಆಡಿರಲಿಲ್ಲ. ಅವಳು ಸಂಪಿನ ಕಟ್ಟೆ ಮೇಲೆ ಕೂತಿದ್ದಳು, ಮುಚ್ಚಳ ಮಡಿಲಲ್ಲಿ. ಅಳುತ್ತಿರಲಿಲ್ಲ. ನಾನು ಏನಾದರೂ ಹೇಳಲಿ ಅಂತ ಕಾದಿದ್ದಳು.

ತಂತಿ ಮೇಲೆ ಒಣಗಿದ್ದ ಬಿಳಿ ಬಟ್ಟೆ ಎಳೆದುಕೊಂಡೆ. ಉಂಗುರ ಬಿಡಿಸು ಅಂದೆ. ಬಿಡಿಸಿಕೊಟ್ಟಳು. ನಾನೇ ಒರೆಸಿದೆ. ಉಂಗುರ ಒರೆಸಿದೆ, ಅದು ಕೂರುವ ಕಾಲುವೆ ಒರೆಸಿದೆ, ಮುಚ್ಚಳ ಒರೆಸಿದೆ. ಬ್ಯಾಟರಿ ನೆತ್ತಿ ಮೇಲಿನ ಬೊಟ್ಟೂ ಒರೆಸಿದೆ. ಬಟ್ಟೆ ಕೆಂಪಾಯಿತು. ಬಟ್ಟೆ ತಾನೇ.

"ಸಾಕಾ ನೋಡು" ಅಂದೆ.

ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. "ಪಾಸ್" ಅಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ನೀರು ಹೊಕ್ಕ ಬ್ಯಾಟರಿ ಸತ್ತಿತ್ತು. ಇನ್ನೊಂದು ಡಬ್ಬಿಯಲ್ಲೇ ಇತ್ತು, ಅದು ಉಳಿಯಿತು. ನಾನು ಸ್ಕೂಟರನ್ನು ಅಕ್ಕಿ ಡಬ್ಬದಲ್ಲಿ ಹೂತಿಡೋಣ ಅಂದೆ. ಸೊಣ್ಣಪ್ಪ ಕೇಳಿ ತಲೆ ಚಚ್ಚಿಕೊಂಡ.

"ಅಕ್ಕ, ಕುಂಕುಮ ಆಯ್ತು, ಈಗ ಅಕ್ಕಿ. ಅಕ್ಷತೆ ಹಾಕಾದೊಂದು ಬಾಕಿ ಇತ್ತಾ?"

"ಜೀವ ಇರೋದು ಒಳಗೆ ಅಂದೋನು ನೀನೇ ತಾನೇ?" ಅಂದೆ.

ಅವನು ಸ್ಕೂಟರನ್ನು ಶೆಡ್ಡಿಗೆ ಒಯ್ದು ಕಂಪ್ರೆಸರಿನ ಗಾಳಿಯಲ್ಲಿ ಒಣಗಿಸಿದ. ಪೀಣ್ಯದಲ್ಲಿ ರಬ್ಬರ್ ಸಾಮಾನು ಮಾರುವವರ ಬೀದಿ ಸುತ್ತಿ ಅದೇ ಅಳತೆಯ ಹೊಸ ಉಂಗುರ ಆರು ತಂದ. ಒಂದು ಸಾಕಾಗಿತ್ತು. ಸತ್ತ ಬ್ಯಾಟರಿಗೆ ಬದಲು ಇನ್ನೊಂದಕ್ಕೆ ಪ್ರಿಯಾಂಕಾ ಹೇಳಿದಳು. ಅದು ಡಿಸೆಂಬರ್ ಕೊನೆಗೆ ಬಂತು.

ಮಧ್ಯೆ ಒಂಬತ್ತು ಭಾನುವಾರ ಸಂಪಿಗೆ ಇಳಿಸಿದೆವು. ಪ್ರತಿ ಸಲ ಉಂಗುರ ಬಿಚ್ಚುವುದು, ಒರೆಸುವುದು, ಗ್ರೀಸು ಸವರುವುದು, ಕನ್ನಡಿ ಹಿಡಿಯುವುದು. ಬ್ಯಾಟರಿ ಮುಗಿಯುವವರೆಗೆ ಬಿಟ್ಟು ನೋಡುವುದು. ಮೊದಲ ಎರಡು ವಾರ ಅವಳು ಮಾಡಿದಳು. ಆಮೇಲೆ ನನಗೆ ಬಿಟ್ಟಳು. ನನ್ನ ಕಣ್ಣಿಗೂ ಗುಳ್ಳೆ ಕಾಣುವುದಕ್ಕೆ ಶುರುವಾಯಿತು. ದುರ್ಗವ್ವ ಆ ಭಾನುವಾರಗಳಲ್ಲಿ ಬೆಳಿಗ್ಗೆ ಆರಕ್ಕೇ ನೀರು ಹಿಡಿದುಕೊಂಡು ಬಿಡುತ್ತಿದ್ದಳು.

ಜನವರಿಗೆ ಹೊರಟೆವು. ನಾನೂ ಹೋದೆ. ಯಾರೂ ಕರೆಯಲಿಲ್ಲ, ಬರುತ್ತೇನೆ ಅಂದೆ. ವಿಮಾನ ನಿಲ್ದಾಣದಲ್ಲಿ ಶೋಭಿಯ ಚೀಲ ನಿಲ್ಲಿಸಿದರು. ಕಾವಲಿನವನು ಹಿಂದಿಯಲ್ಲಿ ಇದೇನು ಅಂತ ಕೇಳಿದ. ಅವಳು ಎರಡು ಬ್ಯಾಟರಿ ಹೊರಗೆ ತೆಗೆದು ಸಾಲಾಗಿಟ್ಟಳು. ತುದಿಗಳಿಗೆ ಟೇಪು ಸುತ್ತಿದ್ದಳು. ಮೇಲೆ ಬರೆದ ಅಂಕಿಯ ಮೇಲೆ ಬೆರಳಿಟ್ಟಳು. ಅವನು ಓದಿದ, ಇನ್ನೊಬ್ಬನನ್ನು ಕರೆದ, ಅವನೂ ಓದಿದ. ನಂತರ ಸ್ಕೂಟರ್ ಎತ್ತಿ ನೋಡಿ, ಇಷ್ಟು ಹಗುರವಾ ಅಂದ. ಹೋಗಿ ಅಂದ. ಚೀಲ ನಾನು ಹಿಡಿಯಲು ಹೋದೆ. ಅವಳು ಕೊಡಲಿಲ್ಲ. ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು.

ದ್ವೀಪದ ಹೆಸರು ನನಗೆ ಹೇಳಲು ಬರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ದೋಣಿ ನಿಲ್ಲಿಸಿದರು. ನೀರು ನೀಲಿ, ತಳ ಕಾಣುವುದಿಲ್ಲ. ಉಂಗುರ ನಾನೇ ಒರೆಸಿ ಕೂರಿಸಿದ್ದೆ. ಪ್ರಿಯಾಂಕಾ ಒಂದು ಸಲ ನೋಡಿದಳು. ಶೋಭಿ ಊರುಗೋಲು ನನಗೆ ಕೊಟ್ಟು ದೋಣಿಯ ಅಂಚಿಗೆ ಕೂತಳು. ಹಿಂದಕ್ಕೆ ಬಿದ್ದಳು. ಬಾವಿಗೆ ಹಾಗೇ ಬೀಳುತ್ತಿದ್ದಳು, ಇವರು ಬೈಯುತ್ತಿದ್ದರು.

ಗುಳ್ಳೆ ಬರುತ್ತಿದ್ದವು. ಉಳಿದವರ ಗುಳ್ಳೆ ಒಂದು ಕಡೆ, ಶೋಭಿ ಪ್ರಿಯಾಂಕಾ ಇಬ್ಬರ ಗುಳ್ಳೆ ಮುಂದೆ ಮುಂದೆ ಹೋಯಿತು. ದೋಣಿಯವನು ಬಂಗಾಳಿ. ಅವನು ಬೆರಳು ತೋರಿಸಿ ಏನೋ ಅಂದ, ನಕ್ಕ. ನಾನು ಊರುಗೋಲು ತೊಡೆ ಮೇಲಿಟ್ಟುಕೊಂಡು ಆ ಗುಳ್ಳೆಗಳನ್ನೇ ನೋಡಿದೆ. ಗುಳ್ಳೆ ಬಂದರೆ ಸೋರುತ್ತಿದೆ ಅಂತ ನಮ್ಮ ಸಂಪಿನಲ್ಲಿ. ಇಲ್ಲಿ ಗುಳ್ಳೆ ಬಂದರೆ ಉಸಿರಾಡುತ್ತಿದ್ದಾಳೆ ಅಂತ. ನಿಂತರೆ ಭಯ ಪಡಬೇಕು. ನಿಲ್ಲಲಿಲ್ಲ.

ನಲವತ್ತು ನಿಮಿಷಕ್ಕೆ ಮೇಲೆ ಬಂದರು. ಮೊದಲು ಪ್ರಿಯಾಂಕಾ. ಬಾಯಿಂದ ನಳಿಗೆ ಕಿತ್ತು, "ಆಂಟಿ, ನಿಮ್ಮ ನಾದಿನಿಗೆ ಬುದ್ಧಿ ಹೇಳಿ. ಮೂರು ಸಲ ರೆಕ್ಕೆ ಹಿಡಿದು ಏ ನಿಧಾನ ಅಂತ ಎಳೆದೆ. ಕೇಳಲ್ಲ" ಅಂದಳು.

ಹಿಂದೆ ಶೋಭಿ. ಮುಖದ ಮೇಲೆ ನೀರೊಳಗೆ ಹಾಕುವ ಕನ್ನಡಕದ ಗುರುತು. ತುಟಿ ನೀಲಿ. ಮೊದಲು ಸ್ಕೂಟರ್ ಎತ್ತಿ ಕೊಟ್ಟಳು. ಮುಚ್ಚಳ ತೆಗೆದು ನೋಡಿದೆ. ಒಣಗಿತ್ತು. ಆಮೇಲೆ ಅವಳ ಕೈ ಹಿಡಿದು ಮೇಲೆ ಎಳೆದೆವು. ದೋಣಿ ಮೇಲೆ ಬಂದ ತಕ್ಷಣ ಕಾಲು ಮತ್ತೆ ಭಾರ ಆಯಿತು. ಬಗ್ಗಿ ಕೂತಳು. ತಲೆಯಿಂದ ನೀರು ಸುರಿಯುತ್ತಿತ್ತು.

"ಹೆಂಗಿತ್ತೇ?" ಅಂದೆ.

"ಇನ್ನೊಂದು ಬ್ಯಾಟರಿ ಎಲ್ಲಿ ಅತ್ತಿಗೆ?"

ಕೂಡಲೇ ಇಳಿಯುವಂತಿಲ್ಲವಂತೆ. ಒಂದು ಗಂಟೆ ಮೇಲೆ ಕೂರಬೇಕು, ಅದು ನಿಯಮ ಅಂದಳು ಪ್ರಿಯಾಂಕಾ. ಹೊಟ್ಟೆ ತುಂಬ ತಿನ್ನುವಂತೆಯೂ ಇಲ್ಲ. ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ಮುಟ್ಟಲಿಲ್ಲ. ಎರಡು ಬಾಳೆಹಣ್ಣು ತಿಂದಳು. ನಾನು ಕೈ ತೊಳೆದು ಒಣಗಿಸಿಕೊಂಡು ಎರಡನೇ ಬ್ಯಾಟರಿ ಕೂರಿಸಿದೆ. ಒಂದು ಗಂಟೆ ಆಯಿತಾ ಅಂತ ಅವಳು ನಾಲ್ಕು ಸಲ ಕೇಳಿದಳು. ಐದನೇ ಸಲ ಕೇಳಿದಾಗ ಆಗಿತ್ತು.